ಇಂದಿನ ಧಮ್ಮ ಚಿಂತನೆ: ಅದು ಯಾರ ರಕ್ತ?



ಹಿರೇವಡ್ಡಟ್ಟಿಯ ನಮ್ಮ ಚಿಗವ್ವ ಬದುಕಿಡೀ ಹೊಲದ ಕೂಲಿ ಮಾಡಿದಾಕೆ. ಬಿಸಿಲು, ಧೂಳು, ಕಪ್ಪತಗುಡ್ಡದ ಗಾಳಿ. ಹೀಗೆ ದುಡಿದವರಿಗೆ ಕಣ್ಣಿನ ಬಿಳಿಭಾಗದಿಂದ ಕರಿಗುಡ್ಡೆಯ ಮೇಲೆ ತೆಳು ಮಾಂಸದ ಪದರ ಬೆಳೆಯುವುದುಂಟು. ವೈದ್ಯರು ಟೆರಿಜಿಯಂ ಎನ್ನುತ್ತಾರೆ. ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಅದನ್ನು ತೆಗೆಸಿದೆವು. ತೆಗೆದ ಜಾಗದ ಗಾಯಕ್ಕೆ ಆಕೆಯ ಕಣ್ಣಿನದೇ ತೆಳು ಪೊರೆಯನ್ನು ಮೇಲಿನ ರೆಪ್ಪೆಯ ಅಡಿಯಿಂದ ತೆಗೆದು ಹೊದಿಸಿದರು. ಹೊಲಿಗೆ ಹಾಕಲಿಲ್ಲ, ಅಂಟು ಹಾಕಿದರು.

ಅಂಗಡಿಯಲ್ಲಿ ಸಿಗುವ ಅಂಟಲ್ಲ. (ಅದನ್ನು ಕಣ್ಣಿನ ಹತ್ತಿರವೂ ಒಯ್ಯಬೇಡಿ!) ಇದು ಫೈಬ್ರಿನ್ ಅಂಟು. ಬೆರಳು ಕೊಯ್ದುಕೊಂಡಾಗ ರಕ್ತ ಹೆಪ್ಪುಗಟ್ಟುತ್ತದಲ್ಲ, ಅದೇ ಕೆಲಸ. ಪ್ಲಾಸ್ಮಾದಿಂದ ಬೇರ್ಪಡಿಸಿದ ಫೈಬ್ರಿನೋಜನ್ ಮತ್ತು ಥ್ರಾಂಬಿನ್ ಗಾಯದ ಮೇಲೆ ಕೂಡಿದ ಕೂಡಲೇ ಬಲೆಯಂತೆ ಹೆಣೆದುಕೊಂಡು ಪೊರೆಯನ್ನು ಹಿಡಿದಿಡುತ್ತವೆ. ದಾರ ಚುಚ್ಚುವ ಕಿರಿಕಿರಿ ಇಲ್ಲ; ಪದರ ಮತ್ತೆ ಬೆಳೆಯುವ ಸಂಭವವೂ ಹೊಲಿಗೆಗಿಂತ ಕಡಿಮೆ. ಗಾಯ ಮಾಯುತ್ತ ಬಂದಂತೆ ಅಂಟು ತಾನೇ ಕರಗಿಹೋಗುತ್ತದೆ. ಹೊಳೆ ದಾಟಿದ ಮೇಲೆ ತೆಪ್ಪವನ್ನು ತಲೆಯ ಮೇಲೆ ಹೊತ್ತು ನಡೆಯಬಾರದೆಂದು ಭಗವಾನ್ ಬುದ್ಧರು ತಿಳಿಸಿದ್ದು ನನಗೆ ನೆನಪಾಯಿತು.

ಚಿಗವ್ವನ ಪ್ರಶ್ನೆಯೇ ಬೇರೆ. "ತಮ್ಮಾ, ಅದು ಯಾರ ರಗತಾ?"

ಅನೇಕ ದಾನಿಗಳ ಪ್ಲಾಸ್ಮಾ ಒಟ್ಟುಗೂಡಿಸಿ ಮಾಡುತ್ತಾರೆ, ಎಚ್‌ಐವಿ, ಕಾಮಾಲೆಯ ವೈರಸ್ಸು ಇಲ್ಲವೆಂದು ಪರೀಕ್ಷೆ ಮಾಡಿರುತ್ತಾರೆ, ಹೆಸರು ಮಾತ್ರ ಬರೆದಿರುವುದಿಲ್ಲ ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಾ ಸಣ್ಣಾಕಿ ಇದ್ದಾಗ ಬಾವಿ ಮುಟ್ಟಾಕ ಬಿಡ್ತಿರಲಿಲ್ಲ. ಮ್ಯಾಲಿಂದ ಕೊಡಕ್ಕ ನೀರು ಸುರೀತಿದ್ರು. ಈಗ ಅಂಥವರ ರಗತಾ ನನ್ನ ಕಣ್ಣಾಗ ಇರಬಹುದು ನೋಡು!" ಎಂದು ಪಟ್ಟಿ ಕಟ್ಟಿದ ಕಣ್ಣಲ್ಲೇ ನಕ್ಕಳು.

ನನಗೆ ನಗು ಬರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ ಕೆರೆಯ ನೀರು ಕುಡಿದರು. ಒಂದು ಬೊಗಸೆ ನೀರಿಗಾಗಿ ನಮ್ಮವರು ಅಂದು ಪೆಟ್ಟು ತಿಂದರು. ಇಂದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದವರು ಯಾರ ರಕ್ತವೆಂದು ಕೇಳುವುದಿಲ್ಲ, ಊರಿಗೆ ಮರಳಿದ ಮೇಲೆ ಯಾರ ಪೈಕಿ ಎಂದು ಕೇಳುತ್ತಾರೆ. ಹೊಟ್ಟೆ ಕೆಟ್ಟು ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಖುವನ್ನು ಬುದ್ಧರು ಆನಂದನೊಡನೆ ತಾವೇ ಮುಟ್ಟಿ ತೊಳೆದರು. ಆ ಮುಟ್ಟುವಿಕೆ ನಮ್ಮ ಓಣಿಗೆ ಇನ್ನೂ ಬರಬೇಕಿದೆ.

ಇನ್ನೊಂದು ಮಾತು. ಜೋಳದ ರಾಶಿಯಲ್ಲಿ ಕಣ್ಣಿಗೆ ರವದಿ ಬಡಿದರೆ ಸೊಪ್ಪಿನ ರಸ, ಎದೆಹಾಲು ಹಾಕಬೇಡಿ, ಕರಿಗುಡ್ಡೆ ಹುಣ್ಣಾಗುತ್ತದೆ. ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ.

ನಿನ್ನೆ ಚಿಗವ್ವ ತಾನೂ ರಕ್ತ ಕೊಡಬಹುದೇ ಎಂದು ಕೇಳಿದಳು. 65 ದಾಟಿದವರಿಂದ ತೆಗೆದುಕೊಳ್ಳುವುದಿಲ್ಲ ಎಂದೆ. "ಹಂಗಾರ ಮೊಮ್ಮಗನ್ನ ಕರಕೊಂಡ ಹೋಗು" ಎಂದಳು. ಏಪ್ರಿಲ್ 14ರ ಹೊತ್ತಿಗೆ ಅವನಿಗೆ 18 ತುಂಬಿರುತ್ತದೆ.