ಕೊಂಡದ್ದೆಲ್ಲ ನಮ್ಮದೆ?

ಒಬ್ಬ ಮನುಷ್ಯನ ಸ್ವಭಾವವನ್ನು ತಿಳಿಯಬೇಕಾದರೆ ದೇವರು, ದೇಶ, ಧರ್ಮಗಳ ವಿಷಯದಲ್ಲಿ ಅವನ ಅಭಿಪ್ರಾಯವನ್ನು ಕೇಳಿ ಪ್ರಯೋಜನವಿಲ್ಲ. ಅಂಥ ದೊಡ್ಡ ವಿಷಯಗಳಲ್ಲಿ ನಾವೆಲ್ಲರೂ ಹೆಚ್ಚುಕಡಿಮೆ ಕಲಿತ ಪಾಠವನ್ನೇ ಒಪ್ಪಿಸುತ್ತೇವೆ. ಅವನು ದಿನವೂ ಕೈಯಲ್ಲಿ ಹಿಡಿಯುವ ಉಪಕರಣದ ಮಾತೆತ್ತಬೇಕು. ಬಡಗಿಯ ಮುಂದೆ ಉಳಿಯ ಮಾತು, ಅಡಿಗೆಯವನ ಮುಂದೆ ಬಾಣಲೆಯ ಮಾತು ತೆಗೆದು ನೋಡಿ. ನ್ಯಾಯ, ಅನ್ಯಾಯ, ಕೃತಜ್ಞತೆ, ಕೋಪ ಎಲ್ಲವೂ ತಾವಾಗಿ ಹೊರಕ್ಕೆ ಬರುತ್ತವೆ.

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿ, ಕಾದಂಬರಿಕಾರ ಸಮೇತನಹಳ್ಳಿ ರಾಮರಾಯರ ಹೆಸರಿನೊಡನೆ ಕನ್ನಡ ವಾಚಕರಿಗೆ ಪರಿಚಿತವಾದ ಊರು. ಈಗ ವೈಟ್‌ಫೀಲ್ಡಿನ ಗಾಳಿ ಅಲ್ಲಿಗೂ ಬೀಸಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಮನೆ ಮಾಡಿಕೊಂಡು ತಂತ್ರಾಂಶದ ಉದ್ಯೋಗ ಮಾಡುತ್ತಾನೆ. ಉದ್ಯೋಗ ಮುಗಿದ ಮೇಲೆ ವಿಡಿಯೋ ಆಟ ಆಡುತ್ತಾನೆ. ಈ ಎರಡರ ವಿಷಯದಲ್ಲಿಯೂ ಅವನಿಗಿರುವಷ್ಟು ಖಚಿತವಾದ ಅಭಿಪ್ರಾಯಗಳು ನಮ್ಮ ಸಾಹಿತ್ಯ ವಿಮರ್ಶಕರಿಗೂ ಇಲ್ಲವೆಂದು ಹೇಳಬೇಕು. ಬರೆಯುವ ತಂತ್ರಾಂಶಗಳಲ್ಲಿ 'ವಿಐ', 'ಇಮ್ಯಾಕ್ಸ್' ಎಂದು ಎರಡುಂಟಂತೆ. ಎರಡೂ ಹುಟ್ಟಿದ್ದು 1976ರಲ್ಲಿ. ಅವುಗಳ ಭಕ್ತರ ನಡುವೆ ನಡೆಯುತ್ತಿರುವ ವಾದ ಇನ್ನೂ ಮುಗಿದಿಲ್ಲ. ದ್ವೈತಾದ್ವೈತಗಳ ವಾದವನ್ನು ಕೇಳಿದ ನಾಡಿನವರಾದ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಅವನ ಗೊಣಗಾಟವನ್ನು ಸ್ವಲ್ಪ ತಾಳ್ಮೆಯಿಂದ ಕೇಳಿದರೆ ಅದರ ತಳದಲ್ಲಿ ಒಂದೇ ದೂರು ಇರುವುದು ಕಾಣುತ್ತದೆ. "ಸಾರ್, ಹಿಂದೆ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು, ವಸ್ತು ನಮ್ಮದು. ಈಗ ತಿಂಗಳು ತಿಂಗಳೂ ಬಾಡಿಗೆ ಕೊಡಬೇಕು. ಕೊಟ್ಟರೂ, ಬೆಳಗಾಗುವಷ್ಟರಲ್ಲಿ ಗುಂಡಿಗಳ ಜಾಗವನ್ನೆಲ್ಲ ಬದಲಾಯಿಸಿರುತ್ತಾರೆ." ಮಾತು ನಿಜ. ಅಡೋಬಿ ಸಂಸ್ಥೆ 2013ರಲ್ಲಿಯೇ ತನ್ನ ಮುಖ್ಯ ತಂತ್ರಾಂಶಗಳನ್ನು ಬಾಡಿಗೆಯ ಪದ್ಧತಿಗೆ ತಿರುಗಿಸಿತು. ಅದೇ ಸಂಸ್ಥೆಯ ಪೇಜ್‌ಮೇಕರಿನ ಕಡೆಯ ಆವೃತ್ತಿ ಬಂದದ್ದು 2001ರಲ್ಲಿ. ನಮ್ಮ ಕನ್ನಡ ಮುದ್ರಣಾಲಯಗಳಲ್ಲಿ ಎಷ್ಟೋ ಮಂದಿ ಆಮೇಲೂ ವರ್ಷಗಟ್ಟಲೆ ಅದರಲ್ಲೇ ಪುಟ ಕಟ್ಟಿದರು. ಹಳೆಯ ಎತ್ತು, ಆದರೆ ಮನೆಯ ಎತ್ತು!

ಆಟಗಳ ಕಥೆ ಇನ್ನೂ ವಿಚಿತ್ರವಾದುದು. 'ದಿ ಕ್ರೂ' ಎಂಬ ಮೋಟಾರು ಪಂದ್ಯದ ಆಟವೊಂದನ್ನು ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆ 2014ರಲ್ಲಿ ಮಾರಿತು. ಅದನ್ನು ಆಡಬೇಕಾದರೆ ಸಂಸ್ಥೆಯ ದೂರದ ಯಂತ್ರಗಳೊಡನೆ ಸಂಪರ್ಕವಿರಲೇಬೇಕು. 2024ರ ಮಾರ್ಚ್ 31ರಂದು ಆ ಯಂತ್ರಗಳನ್ನು ನಿಲ್ಲಿಸಿದರು. ಕೊಂಡವರ ಕೈಯಲ್ಲಿ ತಟ್ಟೆ ಉಳಿಯಿತು, ಆಟ ಹೋಯಿತು. ಅದಕ್ಕೂ ಹಿಂದೆ, 2009ರಲ್ಲಿ, ಅಮೆಜಾನ್ ಸಂಸ್ಥೆ ತಾನು ಮಾರಿದ ವಿದ್ಯುನ್ಮಾನ ಪುಸ್ತಕವೊಂದನ್ನು, ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣದಿಂದ, ಓದುಗರ ಕೈಯೊಳಗಿನ ಯಂತ್ರದಿಂದಲೇ ಅಳಿಸಿಹಾಕಿತು. ಆ ಪುಸ್ತಕ ಆರ್ವೆಲ್‌ನ 'ನೈಂಟೀನ್ ಎಯ್ಟಿಫೋರ್' ಎಂಬುದು ವಿಧಿಯ ಹಾಸ್ಯ. ಹಣವನ್ನು ಹಿಂದಕ್ಕೆ ಕೊಟ್ಟರು, ನಿಜ. ಆದರೆ ರಾತ್ರಿ ನನ್ನ ಮನೆಗೆ ಬಂದು ಬೀರುವಿನ ಪುಸ್ತಕವನ್ನು ಎತ್ತಿಕೊಂಡು, ಅದರ ಬೆಲೆಯನ್ನು ಮೇಜಿನ ಮೇಲಿಟ್ಟು ಹೋದವನನ್ನು ನಾನು ಪ್ರಾಮಾಣಿಕನೆಂದು ಕರೆಯಲಾರೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ನಾಟಕಕ್ಕೆ ಟಿಕೆಟು ಕೊಂಡವನು ಪರದೆ ಬಿದ್ದ ಮೇಲೆ ನಾಟಕ ತನ್ನದೆಂದು ಜಗಳ ಆಡುವುದಿಲ್ಲ. ಆಟವೂ ಹಾಗೆಯೇ ಎಂದು ಏಕೆ ತಿಳಿಯಬಾರದು? ಕಳೆದ ಸಂತೋಷದ ಹೊತ್ತೇ ಕೊಟ್ಟ ಹಣಕ್ಕೆ ಪ್ರತಿಫಲವಲ್ಲವೆ? ಈ ವಾದದಲ್ಲಿ ಬಲವಿದೆ. ಆಡುವವನಿಗೆ ಆಟದಿಂದ ನಿಜವಾಗಿ ದಕ್ಕುವುದು ಕೈಚಳಕ, ನೆನಪು, ಜೊತೆಗಾರರ ಸ್ನೇಹ, ತಟ್ಟೆಯಲ್ಲ. ಆದರೆ ಟಿಕೆಟು ತಾನು ಟಿಕೆಟೆಂದೇ ಹೇಳಿಕೊಳ್ಳುತ್ತದೆ. ಇಲ್ಲಿ 'ಕೊಳ್ಳಿರಿ' ಎಂದು ದೊಡ್ಡ ಅಕ್ಷರದಲ್ಲಿ ಬರೆದು, 'ನಮಗೆ ಇಷ್ಟವಿರುವವರೆಗೆ ಬಳಸಿರಿ' ಎಂಬುದನ್ನು ಯಾರೂ ಓದದ ಕರಾರಿನೊಳಗೆ ಸೇರಿಸಿರುತ್ತಾರೆ. ಆದುದರಿಂದ ಪ್ರಶ್ನೆ ಸೊತ್ತಿನದಕ್ಕಿಂತ ಹೆಚ್ಚಾಗಿ ಮಾತಿನದು. ಭಾಷೆಯನ್ನು ಕಲಿಸಿ ಹೊಟ್ಟೆ ಹೊರೆಯುವ ನನಗೆ ಅದು ಹೆಚ್ಚು ಚುಚ್ಚುತ್ತದೆ. 'ಕೊಳ್ಳು' ಎಂಬ ಕ್ರಿಯಾಪದಕ್ಕೆ ನಮ್ಮಲ್ಲಿ 'ತನಗಾಗಿ ಮಾಡು' ಎಂಬ ಅರ್ಥವೂ ಉಂಟು: ಮಾಡಿಕೊಳ್ಳು, ಇಟ್ಟುಕೊಳ್ಳು. ಇಟ್ಟುಕೊಳ್ಳಲಾಗದುದನ್ನು ಕೊಳ್ಳುವುದು ಎಂತು? ಕ್ಯಾಲಿಫೋರ್ನಿಯಾದ ಶಾಸನಕರ್ತರಿಗೆ ಈ ವ್ಯಾಕರಣ ಹೊಳೆದಿರಬೇಕು. ಮಾರುತ್ತಿರುವುದು ಬರಿಯ ಪರವಾನಗಿಯೆಂದು ಸ್ಪಷ್ಟವಾಗಿ ತಿಳಿಸದೆ ಇಂಥ ಸರಕಿಗೆ 'ಕೊಳ್ಳಿರಿ' ಎಂಬ ಪದವನ್ನು ಬಳಸಕೂಡದೆಂದು ಅವರು ಮಾಡಿದ ಕಾನೂನು 2025ರ ಆರಂಭದಿಂದ ಜಾರಿಯಲ್ಲಿದೆ.

ಇದೆಲ್ಲ ಆಟವಾಡುವ ಹುಡುಗರ ತಾಪತ್ರಯ, ನಮಗೇಕೆ ಎಂದು ವಾಚಕರು ಕೇಳಬಹುದು. ಕನ್ನಡಿಗರು ಹಾಗೆ ಕೇಳುವಂತಿಲ್ಲ. ಗಣಕಯಂತ್ರಕ್ಕೆ ಕನ್ನಡ ಬಂದ ಮೊದಲ ದಿನಗಳಲ್ಲಿ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಅಡಗಿಸಿ ಕೂರಿಸುತ್ತಿದ್ದರು. ಒಬ್ಬೊಬ್ಬ ತಯಾರಕನದು ಒಂದೊಂದು ಏರ್ಪಾಡು. ಅದೇ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಲೇಖನವೆಲ್ಲ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಂತೆ. ಬರೆದವನು ಲೇಖಕ, ಬೀಗದ ಕೈ ಮಾತ್ರ ಇನ್ನೊಬ್ಬನ ಸೊಂಟದಲ್ಲಿ. ಯೂನಿಕೋಡ್ ಎಂಬ ಸಮಾನ ಸಂಕೇತ ಕ್ರಮದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ 128 ಸ್ಥಾನಗಳ ಒಂದು ಮನೆ ಸಿಕ್ಕಿತ್ತು. ಆ ಮನೆಗೆ ನಾವು ಒಕ್ಕಲು ಹೋದುದು ಬಹಳ ನಿಧಾನವಾಗಿ.

ಆ ಕಾಲದಲ್ಲಿ ನಮಗೆ ದಾರಿ ಮಾಡಿಕೊಟ್ಟವರನ್ನು ನೆನೆಯಬೇಕು. ಉಚ್ಚಾರಣೆಯಂತೆಯೇ ಬೆರಳು ನಡೆಯುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದವರು ಕೆ. ಪಿ. ರಾಯರು. ಅವರು ಅದನ್ನು ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟರು. ಕನ್ನಡ ಗಣಕ ಪರಿಷತ್ತಿನ 'ನುಡಿ' ನಿಂತಿರುವುದು ಅದರ ಮೇಲೆಯೇ. 'ಬರಹ'ವನ್ನು ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದು ಬಹುಕಾಲ ಉಚಿತವಾಗಿ ಹಂಚಿದರು. ಮುಂದೆ ಅದಕ್ಕೊಂದು ಬೆಲೆಯಿಟ್ಟರು. ಬೆಲೆಯಿಟ್ಟುದು ತಪ್ಪೆಂದು ಮುಖ ಊದಿಸಿಕೊಳ್ಳುವುದು ಸರಿಯಲ್ಲ. ಧರ್ಮಕ್ಕೆ ನೀರು ಎರೆದವನು ಒಂದು ದಿನ ಕೂಲಿ ಕೇಳಿದರೆ ಅವನು ಅಧರ್ಮಿಯಾಗುವುದಿಲ್ಲ. ಬಾವಿಯ ಹಗ್ಗವನ್ನು ತನ್ನ ಮನೆಯೊಳಗಿಟ್ಟು ಬೀಗ ಹಾಕಿಕೊಂಡವನ ಮಾತು ಬೇರೆ.

ತಯಾರಿಸುವವರೂ ದುಡಿಯುವ ಜನ ಎಂಬುದನ್ನು ನನ್ನ ಶಿಷ್ಯನೂ ಒಮ್ಮೊಮ್ಮೆ ಮರೆಯುತ್ತಾನೆ. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯಲ್ಲಿ ನಮ್ಮ ಹುಡುಗರು ಪರದೇಶದ ಆಟಗಳಿಗೆ ಚಿತ್ರ ಬರೆದುಕೊಟ್ಟರು. ಸಂಸ್ಥೆ 2017ರಲ್ಲಿ ಸ್ವೀಡನ್ನಿನವರ ಕೈಸೇರಿ, 2019ರಲ್ಲಿ ಅಮೆರಿಕದ ರಾಕ್‌ಸ್ಟಾರಿನವರ ಪಾಲಾಯಿತು. ಆಟ ಕೊಂಡವನಿಗೆ ಆಟ ತನ್ನದಲ್ಲ. ಬರೆದವನಿಗೆ ತಾನು ಬರೆದ ಚಿತ್ರವೂ ತನ್ನದಲ್ಲ. ಹೊಯ್ಸಳರ ಕಾಲದ ಮಲ್ಲಿತಮ್ಮನಿಗೂ ದೇವಾಲಯವೇನೂ ಸ್ವಂತವಾಗಿರಲಿಲ್ಲ. ಆದರೂ ವಿಗ್ರಹದ ಪೀಠದಲ್ಲಿ ತನ್ನ ಹೆಸರನ್ನು ಕೆತ್ತಲು ಅವನಿಗೆ ಅವಕಾಶವಿತ್ತು, ಏಳುನೂರು ವರ್ಷಕ್ಕೂ ಮೇಲಾದರೂ ಅದನ್ನು ಯಾರೂ ದೂರದಿಂದ ಅಳಿಸಿಲ್ಲ.

2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಅಂತರ್ಜಾಲದ ಆಟಗಳ ಮೇಲೆ ಒಂದು ಕಾಯಿದೆ ಮಾಡಿ, ಹಣದ ಪಣವೊಡ್ಡುವ ಆಟಗಳನ್ನು ನಿಷೇಧಿಸಿತು. ಧರ್ಮರಾಯನ ಕಥೆಯನ್ನು ಬಲ್ಲ ದೇಶದಲ್ಲಿ ಇದಕ್ಕೆ ಬೆಂಬಲ ಸಿಕ್ಕುವುದು ಸುಲಭ. ಪಣವಿಲ್ಲದೆ, ನ್ಯಾಯವಾಗಿ ದುಡ್ಡು ಕೊಟ್ಟು ಕೊಂಡ ಆಟ ಎಷ್ಟು ದಿನ ನಡೆಯಬೇಕು ಎಂಬುದು ಮಾತ್ರ ಇನ್ನೂ ಮಾರುವವನ ಮರ್ಜಿಗೆ ಬಿಟ್ಟ ವಿಷಯವಾಗಿಯೇ ಉಳಿದಿದೆ. ನಮ್ಮ ಹಳೆಯ ಗುಡಿಗಳ ಜಗಲಿಗಳಲ್ಲಿ ಯಾರೋ ಹುಲಿಕುರಿ ಆಟದ ಮನೆಗಳನ್ನು ಕಲ್ಲಿನ ಮೇಲೆ ಕೊರೆದಿಟ್ಟಿದ್ದಾರೆ. ನಾಲ್ಕು ಹರಳು ಹೆಕ್ಕಿಕೊಂಡು ಯಾರು ಬೇಕಾದರೂ ಕುಳಿತು ಆಡಬಹುದು.