ಚಿತ್ರಕ್ಕೆ ಸಿಗದ ಕಾಟಕಾಯಿ

(ಮಂಜೇಶ್ವರ. ಕವಿ ಗೋವಿಂದ ಪೈಗಳ ನೆನಪಿನ ‘ಗಿಳಿವಿಂಡು’ವಿನ ಜಗಲಿ. ನಿವೃತ್ತ ಮಾಷ್ಟ್ರು ಮತ್ತು ಇತಿಹಾಸ ಓದುತ್ತಿರುವ ಅವರ ಹಳೇ ಶಿಷ್ಯೆ. ಅವಳ ಮೊಬೈಲಿನಲ್ಲಿ 1857ರ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ನ ಒಂದು ಪುಟ.)

ಶಿಷ್ಯೆ: ನೋಡಿ ಮಾಷ್ಟ್ರೇ, ಇಷ್ಟು ಜನ ಸಿಪಾಯಿಗಳು, ಎಲ್ಲರಿಗೂ ಒಂದೇ ಮೀಸೆ.

ಮಾಷ್ಟ್ರು: ಸ್ವಲ್ಪ ದೊಡ್ಡದು ಮಾಡು. ಆಕಾಶದ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ ಉಂಟಲ್ಲ, ಅದು ಅಚ್ಚಿನ ಸಂದು. ಬಾಕ್ಸ್‌ವುಡ್ ಮರದಲ್ಲಿ ಅಗಲದ ಹಲಗೆ ಸಿಗುವುದಿಲ್ಲ. ಸಣ್ಣ ತುಂಡುಗಳನ್ನು ಬೋಲ್ಟು ಹಾಕಿ ಜೋಡಿಸಿ, ಚಿತ್ರ ಬರೆದು, ಮತ್ತೆ ಬಿಚ್ಚಿ ಒಬ್ಬೊಬ್ಬ ಕೆತ್ತನೆಗಾರನಿಗೆ ಒಂದೊಂದು ತುಂಡು ಕೊಡ್ತಿದ್ದರು. ವಾರಪತ್ರಿಕೆ, ಕಾಯುವ ಹಾಗಿಲ್ಲ. ದಂಗೆ ಹಾಗೆ ಹಲವು ಮೇಜುಗಳಲ್ಲಿ ಹಂಚಿಹೋದ ಮೇಲೆ ಯಾರ ಮುಖ ಯಾರಿಗೆ ಬೇಕು?

ಶಿಷ್ಯೆ: ಆದರೂ ಮುಖ ಅಂತ ಒಂದು ಉಂಟು. 1837ರಲ್ಲಿ ಕಂಪನಿಯ ವಿರುದ್ಧ ಎದ್ದ ನಮ್ಮ ಕಲ್ಯಾಣಪ್ಪನ ಕಾಟಕಾಯಿ ದಂಗೆಗೆ ಅದೂ ಇಲ್ಲ. ಏಪ್ರಿಲಿನಲ್ಲಿ ದಂಗೆಯೆದ್ದವರು ಮಂಗಳೂರನ್ನೇ ಹಿಡಿದು ಸುಮಾರು ಎರಡು ವಾರ ಇಟ್ಟುಕೊಂಡರು. ಆಗ ಮಂಜೇಶ್ವರವೂ ಅದೇ ಕೆನರಾ ಜಿಲ್ಲೆ. ಈ ಪತ್ರಿಕೆ ಹುಟ್ಟಿದ್ದೇ ಆಮೇಲೆ, 1842ರಲ್ಲಿ.

ಮಾಷ್ಟ್ರು: ಬಚಾವಾದರು ಅನ್ನು. ಇಲ್ಲದಿದ್ದರೆ ಆ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರಿಗೂ ಇದೇ ಮೀಸೆ ಅಂಟಿಸ್ತಿದ್ದರು.

ಶಿಷ್ಯೆ: ಅಂಟಿಸಲಿ! ವೈರಿ ಬರೆದದ್ದನ್ನು ತಿರುಗಿಸಿ ಓದಬಹುದು. ಇಲ್ಲದ ಚಿತ್ರವನ್ನು ಎಂತ ಓದುವುದು? ಕೊಡಗಿನ ಚಿಕವೀರರಾಜೇಂದ್ರನ ಮಗಳು ಗೌರಮ್ಮನಿಗೆ 1852ರಲ್ಲಿ ವಿಕ್ಟೋರಿಯಾ ರಾಣಿಯೇ ನಿಂತು ದೀಕ್ಷಾಸ್ನಾನ ಮಾಡಿಸಿದಳು, ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ. ಅದೇ ಕೊಡಗಿನ ಅರಮನೆಯ ಹೆಸರಲ್ಲಿ ಎದ್ದು ಬಿಕರ್ನಕಟ್ಟೆಯಲ್ಲಿ ನೇಣಿಗೇರಿದವರಿಗೆ ಒಂದು ಗೆರೆಯಿಲ್ಲ.

ಮಾಷ್ಟ್ರು: ಅವರಿಗೆ ಸರಕಾರಿ ಕಾಗದ ಉಂಟು. ಕಾಗದದ ಕೆಳಗೆ ರುಜು ಇರ್ತದೆ. ಇಂಥವ ಹೇಳಿದ್ದು ಅಂತ ಅನುಮಾನ ಪಡಬಹುದು. ಚಿತ್ರ ಹಾಗಲ್ಲ, ಕಣ್ಣಾರೆ ಕಂಡ ಹಾಗೆ ನಂಬಿಸಿಬಿಡ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಲಂಡನ್ನಿನಲ್ಲಿ ಆ ಮುತ್ತಿಗೆಯ ಭಾರೀ ಚಿತ್ರ ಇಟ್ಟು ಜನ ಸೇರಿಸಿದ. ಅವ ಇಂಡಿಯಾಕ್ಕೆ ಕಾಲೇ ಇಟ್ಟಿರಲಿಲ್ಲ.

ಶಿಷ್ಯೆ: ಹಾಗಾದರೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ 2022ರಲ್ಲಿ ನಿಲ್ಲಿಸಿದ ರಾಮಯ್ಯ ಗೌಡರ ಕಂಚಿನ ಪ್ರತಿಮೆ? ಆ ಮೂಗು, ಆ ಹುಬ್ಬು ಕಂಡವರು ಯಾರು?

ಮಾಷ್ಟ್ರು: ಅದು ಗೌರವಕ್ಕೆ ಮಾರಾಯ್ತಿ, ಸಾಕ್ಷಿಗೆ ಅಲ್ಲ.

ಶಿಷ್ಯೆ: ಈಗ ಅಲ್ಲ. ಐವತ್ತು ವರ್ಷ ಹೋಗಲಿ, ಪಾಠಪುಸ್ತಕದಲ್ಲಿ ಅದೇ ಮುಖ ಬರ್ತದೆ.

(ಮಾಷ್ಟ್ರಿಗೆ ಇದು ಹಿಡಿಸಲಿಲ್ಲ, ಅಲ್ಲಗಳೆಯುವುದಕ್ಕೂ ಆಗಲಿಲ್ಲ.)

ಮಾಷ್ಟ್ರು: ಒಪ್ಪಿದೆ. ಆದರೆ ನನ್ನ ತಕರಾರು ಮುಖದ್ದಲ್ಲ, ದಂಗೆಯ ಕಾರಣದ್ದು. ಅಮರಸುಳ್ಯ ಕೊಡಗಿನ ರಾಜರ ಕೈಕೆಳಗಿದ್ದಾಗ ಕಂದಾಯ ಫಸಲಿನಲ್ಲೇ ಸಲ್ಲುತ್ತಿತ್ತು. 1834ರಲ್ಲಿ ಕಂಪನಿ ಕೊಡಗನ್ನು ನುಂಗಿತು, ಆ ಸೀಮೆಯನ್ನು ಕೆನರಾಕ್ಕೆ ಸೇರಿಸಿತು, ನಗದು ತಾ ಅಂದಿತು. ರೈತ ನಾಣ್ಯಕ್ಕೆ ಎಲ್ಲಿಗೆ ಹೋಗಬೇಕು? ಸಾಹುಕಾರನ ಕಾಲಿಗೆ. ಕಾಟಕಾಯಿ ಹೊತ್ತಿಕೊಂಡದ್ದು ಅಲ್ಲಿ. ಇದನ್ನು ಲಂಡನ್ನಿನ ಕೆತ್ತನೆಗಾರ ಹೇಗೆ ಕೆತ್ತುವುದು, ನಮ್ಮ ಶಿಲ್ಪಿಯಾದರೂ ಹೇಗೆ ಎರಕ ಹೊಯ್ಯುವುದು? ಚಿತ್ರಕ್ಕೆ ಬೇಕಾದ್ದು ಬೆಂಕಿ, ಕತ್ತಿ.

ಶಿಷ್ಯೆ: ಯಾಕಾಗುವುದಿಲ್ಲ? ಅಕ್ಕಿ ಮುಡಿ ಹೊತ್ತು ನಿಂತ ಒಬ್ಬ ರೈತ. ಎದುರು ಲೆಕ್ಕದ ಪುಸ್ತಕ ಬಿಡಿಸಿ ಕೂತು, ಮುಡಿಯ ಕಡೆ ನೋಡದೆಯೇ ದುಡ್ಡಿಗೆ ಕೈ ಚಾಚಿದ ಶಾನುಭಾಗ.

ಮಾಷ್ಟ್ರು: ಅದರಲ್ಲಿ ಜಗಳವೇ ಕಾಣುವುದಿಲ್ಲವಲ್ಲ. ಯಾವ ಪತ್ರಿಕೆಯವ ಹಾಕ್ತಾನೆ?

ಶಿಷ್ಯೆ: ಪತ್ರಿಕೆಯವ ಹಾಕುವುದು ಬೇಡ. ಬಾವುಟಗುಡ್ಡೆಯಲ್ಲಿ ಜಾಗ ಇನ್ನೂ ಉಂಟಲ್ಲ.