ಇನ್ನೂ ಬಾರದ ಬೆಳೆಯ ಚಿತ್ತಾರ

ಶನಿಯ ಉಪಗ್ರಹ ಟೈಟನ್ ಮೇಲೆ ನಿಂತರೆ ಶನಿ ಹೇಗೆ ಕಂಡೀತು? ಅಮೆರಿಕದ ಚೆಸ್ಲಿ ಬೋನೆಸ್ಟೆಲ್ ಬರೆದ ಆ ಚಿತ್ರ 1944ರಲ್ಲಿ ಲೈಫ್ ಪತ್ರಿಕೆಯಲ್ಲಿ ಬಂತು. ನೀಲಿ ಆಕಾಶ, ಹಿಮ ಮೆತ್ತಿದ ಬಂಡೆಗಳು, ನಡುವೆ ಉಂಗುರ ತೊಟ್ಟ ಗ್ರಹ. 2005ರಲ್ಲಿ ಹೈಗೆನ್ಸ್ ನೌಕೆ ಅಲ್ಲಿ ಇಳಿದಾಗ ಸಿಕ್ಕಿದ್ದು ಕಿತ್ತಳೆ ಬಣ್ಣದ ಮಬ್ಬು. ಕಲ್ಪನೆ ತಪ್ಪಿತು, ಅದರಿಂದ ಯಾರ ಬದುಕೂ ಕೆಡಲಿಲ್ಲ.

ಶಿವಮೊಗ್ಗ ಜಿಲ್ಲೆಯ ಸೊರಬ, ಶಿಕಾರಿಪುರಗಳ ನಾಳೆಯನ್ನು ಬರೆಯುವವರಿಗೆ ಅಷ್ಟು ಸಲೀಸಿಲ್ಲ. ವೈಜ್ಞಾನಿಕ ಕಥೆಗಳಿಂದ ಹುಟ್ಟಿದ ಭವಿಷ್ಯದ ಚಿತ್ರಗಳಲ್ಲಿ ಬಿರುಕು ಬಿಟ್ಟ ನೆಲ, ಮುಳುಗಿದ ನಗರ ನಮಗೆ ರೂಢಿಯಾಗಿವೆ. ಇಲ್ಲಿ ಬದಲಾವಣೆ ಹಸಿರಾಗಿಯೇ ಬಂದಿದೆ. ಬತ್ತದ ಗದ್ದೆಗಳು ಅಡಿಕೆ ತೋಟವಾಗುತ್ತಿವೆ. ಶುಂಠಿ, ಮೆಕ್ಕೆಜೋಳ ಹಬ್ಬಿವೆ. 1868ರಲ್ಲಿ ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ವರದಿ ಬರೆದದ್ದು ಸೊರಬದ ಕಾನುಗಳ, ಅಂದರೆ ದಟ್ಟ ನಿತ್ಯಹಸಿರು ಕಾಡುಗಳ ಬಗ್ಗೆ. ಆ ಸೀಮೆಯಲ್ಲೀಗ ಅಕೇಶಿಯಾ ತೋಪುಗಳೂ ಇವೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಎರಡೂ ಕಾಡೇ. ಇಂಥ ನಷ್ಟವನ್ನು ಬರಗಾಲದ ಚಿತ್ರ ತೋರಿಸಲಾರದು.

ಭವಿಷ್ಯ ಬರೆಯುವ ಇನ್ನೊಂದು ಕ್ರಮ ಈ ಸೀಮೆಯಲ್ಲೇ ಇದೆ. ಭೂಮಿ ಹುಣ್ಣಿಮೆಗೆ ದೀವರು ಸಮುದಾಯದ ಹೆಂಗಸರು ಸಿಂಗರಿಸುವ ಭೂಮಣ್ಣಿ ಬುಟ್ಟಿಯನ್ನು ಹತ್ತಿರದಿಂದ ನೋಡಬೇಕು. ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸುತ್ತಾರೆ. ಪುಂಡಿ ನಾರಿನ ಕುಂಚದಿಂದ ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಅರೆದ ಅಕ್ಕಿಯ ಬಿಳಿ, ಕರಿಕಾಗುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಎಳೆ ಒಂದಿಷ್ಟೂ ಅಲುಗಬಾರದು. ಆಗ ಬತ್ತ ಹೊಡೆಯಲ್ಲಿರುತ್ತದೆ, ಭೂಮಿತಾಯಿ ಬಸುರಿ. ಗದ್ದೆಗೆ ಬೀರುವ ಎಡೆಯಾದ ಚರಗ ತುಂಬಿಕೊಂಡ ಬುಟ್ಟಿ ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗುತ್ತದೆ. ಅದರ ಮೇಲೆ ಬರೆದ ತೆನೆ ಇನ್ನೂ ಕಣಕ್ಕೆ ಬಂದಿಲ್ಲ. ಇದು ಭವಿಷ್ಯದ ಚಿತ್ರವೇ, ಮತ್ತು ಬರೆದವಳು ಆ ಭವಿಷ್ಯವನ್ನೇ ಉಣ್ಣಬೇಕು. ಕಳೆದ ವರ್ಷದ ಅಕ್ಕಿ ಈ ವರ್ಷದ ಬಣ್ಣ. ಗದ್ದೆ ಹೋದರೆ ಬಿಳಿಯೂ ಕಪ್ಪೂ ಅಂಗಡಿಯಿಂದ ಬರಬೇಕು.

ಇದು ಆಚರಣೆ, ಇದರಲ್ಲಿ ಕಲ್ಪನೆ ಎಲ್ಲಿದೆ ಎಂದು ಕೇಳಬಹುದು. ಆ ಪ್ರಶ್ನೆಯಲ್ಲಿ ಹುರುಳಿದೆ. ಚಿತ್ತಾರ ಒಳ್ಳೆಯ ನಾಳೆಯನ್ನು ಬೇಡಿಕೊಳ್ಳುತ್ತದೆ. ಕೆಟ್ಟದ್ದನ್ನು ಬರೆಯುವ ರೂಢಿ ಅದಕ್ಕಿಲ್ಲ. ಹೀಗೇ ಸಾಗಿದರೆ ಏನಾದೀತು ಎಂದು ಹಟ ಹಿಡಿದು ಕೇಳುವ ವೈಜ್ಞಾನಿಕ ಕಥೆಯ ಬುದ್ಧಿ ಅದಕ್ಕೆ ಜೊತೆಯಾಗಲೇಬೇಕು. ಅಡಿಕೆ ಹಾಕಿದ ರೈತನನ್ನು ದೂರುವ ಚಿತ್ರವಂತೂ ನನಗೆ ಬೇಡ. ನಾಟಿಗೆ ಆಳು ಹುಡುಕಿದವರಿಗೆ, ಬತ್ತ ಮಾರಿ ಲೆಕ್ಕ ಹಾಕಿದವರಿಗೆ ಅವನ ಕಷ್ಟ ಗೊತ್ತು.

ನಾನು ಕೇಳುವುದಿಷ್ಟೆ: ಸೊರಬದ ಐವತ್ತು ವರ್ಷದಾಚೆಯನ್ನು ಬರೆಯುವವರು ಬಣ್ಣವನ್ನು ಆ ನೆಲದಿಂದಲೇ ತರಲಿ. ಅಲ್ಲಿ ಆಗ ಸಿಗಲಾರದು ಎನಿಸಿದ ಬಣ್ಣದ ಜಾಗವನ್ನು ಟ್ಯೂಬಿನ ಬಣ್ಣದಿಂದ ತುಂಬದೆ ಖಾಲಿ ಬಿಡಲಿ. ಆ ಜಾಗ ಸರಿಯಾಗಿದೆಯೋ ಇಲ್ಲವೋ ಎಂದು ಮೊದಲು ಹೇಳಬೇಕಾದವರು ಗದ್ದೆಯವರು. ಕಲಾ ವಿಮರ್ಶಕರ ಸರದಿ ಆಮೇಲೆ.